ಹೈಬ್ರಿಡ್ ತಗೊಳ್ಳೋದಾ, ಪ್ಲಗ್-ಇನ್ ಹೈಬ್ರಿಡ್ ತಗೊಳ್ಳೋದಾ? ಕೊಡಗಿನ ಏರು ಇಳಿಜಾರಿಗೆ ಒಂದು ಲೆಕ್ಕ

ಕಳೆದ ಪುತ್ತರಿಗೆ ಬೆಂಗಳೂರಿನಿಂದ ಭಾವ ಬಂದಿದ್ದರು. ಕದಿರು ತಂದು, ಊಟ ಮುಗಿಸಿ, ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಕಾರಿನ ಮಾತು ಬಂತು. ಹಳೇ ಡೀಸೆಲ್ ಗಾಡಿ ಕೊಟ್ಟು ಹೊಸದು ತಗೊಳ್ಳಬೇಕು, ಪರಿಸರಕ್ಕೆ ಕಮ್ಮಿ ಹಾನಿ ಮಾಡುವಂಥದ್ದು ಬೇಕು ಅಂದರು. 2018ರ ಆಗಸ್ಟ್‌ನ ಮಳೆ, ಭೂಕುಸಿತ ಕಂಡ ಮೇಲೆ ನಮ್ಮ ಕಡೆ ಯಾರೂ ಈ ಮಾತನ್ನು ಹಗುರವಾಗಿ ಆಡುವುದಿಲ್ಲ. "ಹೈಬ್ರಿಡ್ ಒಳ್ಳೇದಾ, ಪ್ಲಗ್-ಇನ್ ಹೈಬ್ರಿಡ್ ಒಳ್ಳೇದಾ? ಎಂತ ಮಾಡುದು ಹೇಳು" ಅಂತ ಕೇಳಿದರು. ಆವತ್ತು ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಹೈಬ್ರಿಡ್ ಅಂದರೆ ಪೆಟ್ರೋಲ್ ಇಂಜಿನ್ನಿನ ಜೊತೆಗೆ ಒಂದು ಮೋಟಾರು, ಒಂದು ಚಿಕ್ಕ ಬ್ಯಾಟರಿ. ಇದನ್ನು ಗೋಡೆಯ ಪ್ಲಗ್ಗಿಗೆ ಹಾಕಲು ಬರುವುದಿಲ್ಲ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಉರುಳಿದಾಗ ಹುಟ್ಟುವ ಶಕ್ತಿಯಿಂದ, ಇಲ್ಲವೇ ಇಂಜಿನ್ನಿನಿಂದಲೇ ಬ್ಯಾಟರಿ ತುಂಬುತ್ತದೆ. ಬ್ಯಾಟರಿ ಎಷ್ಟು ಚಿಕ್ಕದು ಅಂದರೆ ಒಂದು ಯೂನಿಟ್ ಕರೆಂಟಿನ ಆಸುಪಾಸು. ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿ, ಇನ್ನೋವಾ ಹೈಕ್ರಾಸ್ ಇವುಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳು ಈ ಜಾತಿಯವು. ಹೈರೈಡರ್, ಹೈಕ್ರಾಸ್ ನಮ್ಮ ಬಿಡದಿಯಲ್ಲೇ ತಯಾರಾಗುತ್ತವೆ. ಮೈಲ್ಡ್ ಹೈಬ್ರಿಡ್ ಅಂತ ಇನ್ನೊಂದು ಉಂಟು. ಅದರಲ್ಲಿ ಮೋಟಾರು ಇಂಜಿನ್ನಿಗೆ ಸ್ವಲ್ಪ ಕೈ ಜೋಡಿಸುತ್ತದೆ ಅಷ್ಟೆ, ಬರೀ ಬ್ಯಾಟರಿಯಲ್ಲಿ ಕಾರು ಓಡುವುದಿಲ್ಲ. ಕಾರಿನ ಹಿಂದೆ ಹೈಬ್ರಿಡ್ ಅಂತ ಬರೆದಿದ್ದರೆ ಯಾವ ಹೈಬ್ರಿಡ್ ಅಂತ ಕೇಳಿ ತಿಳಿದುಕೊಳ್ಳಿ.

ಪ್ಲಗ್-ಇನ್ ಹೈಬ್ರಿಡ್‌ನಲ್ಲಿ ಬ್ಯಾಟರಿ ದೊಡ್ಡದು. ಸಾಮಾನ್ಯವಾಗಿ 10ರಿಂದ 20 ಯೂನಿಟ್. ಮನೆಯಲ್ಲಿ ಚಾರ್ಜ್ ಮಾಡಿದರೆ 40ರಿಂದ 80 ಕಿ.ಮೀ. ಪೆಟ್ರೋಲ್ ಮುಟ್ಟದೆ ಓಡುತ್ತದೆ. ಚಾರ್ಜ್ ಮುಗಿದ ಮೇಲೆ ಪೆಟ್ರೋಲಿನಲ್ಲಿ ಹೋಗುತ್ತದೆ. ಚೀನಾದಲ್ಲಿ ಸಾಧಾರಣ ಮನೆಯವರೂ ಕೊಳ್ಳುವ ಬೆಲೆಗೆ ಇವು ಸಿಗುತ್ತವೆ. ನಮ್ಮಲ್ಲಿ ಹಾಗಲ್ಲ. 2016ರಲ್ಲಿ ವೋಲ್ವೊ ಎಕ್ಸ್‌ಸಿ90 ಪ್ಲಗ್-ಇನ್ ಬಂದಾಗಲೇ ಬೆಲೆ ಕೋಟಿ ದಾಟಿತ್ತು. ಬಿಎಂಡಬ್ಲ್ಯು ಎಕ್ಸ್‌ಎಂಗೆ ಎರಡು ಕೋಟಿಯ ಮೇಲೆ. ಹಾಗಾಗಿ ಇವತ್ತಿನ ಮಟ್ಟಿಗೆ ನಮ್ಮಲ್ಲಿ ಹೆಚ್ಚಿನವರ ಕೈಗೆ ಎಟಕುವುದು ಹೈಬ್ರಿಡ್ ಮಾತ್ರ. ಆದರೂ ಲೆಕ್ಕ ತಿಳಿದಿರಲಿ. "ಪ್ಲಗ್ ಇದೆ, ಹಾಗಾಗಿ ಜಾಸ್ತಿ ಹಸಿರು" ಅಂತ ಎಲ್ಲರೂ ನಂಬಿದ್ದಾರೆ. ಅದು ಅಷ್ಟು ಸರಳವಲ್ಲ.

ಒಂದು ಕಿಲೋಮೀಟರಿಗೆ ಎಷ್ಟು?

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಪೆಟ್ರೋಲ್ ತೆಗೆದು, ಶುದ್ಧ ಮಾಡಿ, ಟ್ಯಾಂಕರಿನಲ್ಲಿ ಮಡಿಕೇರಿಯ ಬಂಕಿಗೆ ಮುಟ್ಟಿಸುವಷ್ಟರಲ್ಲಿ ಅದರ ಮೇಲೆ ಸುಮಾರು ಐದನೇ ಒಂದು ಪಾಲು ಸೇರುತ್ತದೆ. ಹೈರೈಡರ್‌ನಂಥ ಸ್ಟ್ರಾಂಗ್ ಹೈಬ್ರಿಡ್ ಕಾರಿಗೆ ಕಂಪನಿ ಹೇಳುವ ಮೈಲೇಜ್ 27, 28. ನಮ್ಮ ಏರು, ತಿರುವು, ಹೊಂಡಗಳಿಗೆ 18 ಅಂತ ಇಟ್ಟುಕೊಳ್ಳೋಣ. ಆಗ ಕಿಲೋಮೀಟರಿಗೆ ಎಲ್ಲ ಸೇರಿ 150 ಗ್ರಾಂ ಚಿಲ್ಲರೆ.

ಈಗ ಕರೆಂಟು. ದೇಶದ ಸರಾಸರಿ ನೋಡಿದರೆ ಒಂದು ಯೂನಿಟ್ ಕರೆಂಟು ತಯಾರಿಸಲು ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಹೆಚ್ಚಿನ ಕರೆಂಟು ಇನ್ನೂ ಕಲ್ಲಿದ್ದಲಿನಿಂದ ಬರುವುದರಿಂದ ಹೀಗೆ. ಮಧ್ಯಮ ಗಾತ್ರದ ಪ್ಲಗ್-ಇನ್ ಕಾರು ಗುಡ್ಡದ ದಾರಿಯಲ್ಲಿ 100 ಕಿ.ಮೀ. ಹೋಗಲು ಪ್ಲಗ್ಗಿನಿಂದ 22 ಯೂನಿಟ್ ಎಳೆಯುತ್ತದೆ ಅಂದುಕೊಳ್ಳಿ. ಕಿಲೋಮೀಟರಿಗೆ 154 ಗ್ರಾಂ ಆಯಿತು. ಕರೆಂಟು ತಂತಿಯಲ್ಲಿ ಬರುವಾಗ ದಾರಿಯಲ್ಲಿ ಸೋರುವುದನ್ನೂ ಸೇರಿಸಿದರೆ 180ರ ಹತ್ತಿರ ಹೋಗುತ್ತದೆ.

ಇದನ್ನು ಮೊದಲ ಸಲ ಬರೆದಾಗ ತಪ್ಪು ಮಾಡಿದೆನಾ ಅಂತ ಮೂರು ಸಲ ನೋಡಿದೆ. ತಪ್ಪಿಲ್ಲ. ಕಲ್ಲಿದ್ದಲು ಕರೆಂಟಿನಲ್ಲಿ ಓಡುವ ಭಾರದ ಪ್ಲಗ್-ಇನ್ ಕಾರು ಹವಾಮಾನದ ಲೆಕ್ಕದಲ್ಲಿ ಒಂದು ಒಳ್ಳೆಯ ಹೈಬ್ರಿಡ್‌ಗಿಂತ ಮೇಲೇನೂ ಅಲ್ಲ. ಊರಿನ ಗಾಳಿ ಚೊಕ್ಕವಾಗಿರುತ್ತದೆ, ಅದು ನಿಜ. ಶಾಲೆ ಬಿಡುವ ಹೊತ್ತಿಗೆ ಮಕ್ಕಳ ಮೂಗಿಗೆ ಹೊಗೆ ಬರುವುದಿಲ್ಲ. ಆದರೆ ಆ ಹೊಗೆಯನ್ನು ಕಲ್ಲಿದ್ದಲು ವಿದ್ಯುತ್ ಸ್ಥಾವರವಿರುವ ರಾಯಚೂರಿನ ಮಕ್ಕಳು ಕುಡಿಯುತ್ತಾರೆ. ಅವರೂ ನಮ್ಮವರೇ ಅಲ್ವಾ?

ಚಾರ್ಜ್ ಇಲ್ಲದೆ ಬರೀ ಪೆಟ್ರೋಲಿನಲ್ಲಿ ಪ್ಲಗ್-ಇನ್ ಓಡಿಸಿದರೆ ಇನ್ನೂ ಕಷ್ಟ. ದೊಡ್ಡ ಬ್ಯಾಟರಿಯನ್ನು ಸುಮ್ನೆ ಹೊತ್ತು ತಿರುಗಿದ ಹಾಗೆ. ಲೀಟರಿಗೆ 14 ಕಿ.ಮೀ. ಕೊಟ್ಟರೂ ಕಿಲೋಮೀಟರಿಗೆ 200 ಗ್ರಾಂ ಆಗುತ್ತದೆ.

ಕರ್ನಾಟಕದ ಕರೆಂಟು ದೇಶದ ಸರಾಸರಿಗಿಂತ ಚೊಕ್ಕ ಅಂತ ನೀವು ಹೇಳಬಹುದು. ಹೌದು, ನಮಗೆ ಶರಾವತಿ ಇದೆ, ಕಾಳಿ ಇದೆ, ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, ಕೈಗಾ ಇದೆ, ಚಿತ್ರದುರ್ಗ ಗದಗದ ಕಡೆ ಗಾಳಿಯಂತ್ರಗಳಿವೆ. ಆದರೆ 2013ರ ಡಿಸೆಂಬರ್ 31ಕ್ಕೆ ರಾಯಚೂರು-ಸೋಲಾಪುರ ಲೈನ್ ಮೂಲಕ ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿತು. ಅಲ್ಲಿಂದ ಇದು ಎಲ್ಲರ ಒಂದೇ ಕೆರೆ. ನಾವು ಜಾಸ್ತಿ ನೀರು ಎಳೆದರೆ ಎಲ್ಲೋ ಒಂದು ಕಡೆ ಕಲ್ಲಿದ್ದಲು ಜಾಸ್ತಿ ಉರಿಯುತ್ತದೆ. ಹಾಗಂತ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ ಅಂತಲ್ಲ. ಮಧ್ಯಾಹ್ನ ಸೋಲಾರ್ ಜೋರಾಗಿರುವಾಗ ಚಾರ್ಜ್ ಮಾಡಿದರೆ ಕಲ್ಲಿದ್ದಲಿನ ಪಾಲು ಕಮ್ಮಿ. ಸಂಜೆ ಆರರಿಂದ ಹತ್ತರವರೆಗೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಗೀಸರ್ ಇರುವಾಗ ಚಾರ್ಜ್ ಮಾಡುವುದು ಒಳ್ಳೆಯದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ, ಅಣೆಕಟ್ಟುಗಳೂ ತುಂಬುತ್ತವೆ. ಮಳೆಗಾಲದಲ್ಲಿ ಉಷ್ಣ ವಿದ್ಯುತ್ ಘಟಕಗಳನ್ನು ನಿಲ್ಲಿಸಿದ ಸುದ್ದಿಯನ್ನು ಪೇಪರಿನಲ್ಲಿ ಓದಿರುತ್ತೀರಿ. ನಮ್ಮ ಮಾಡಿನ (ಛಾವಣಿಯ) ಮೇಲೆ ಬಿಸಿಲಿಲ್ಲದ ತಿಂಗಳುಗಳಲ್ಲೇ ತಂತಿಯ ಕರೆಂಟು ಸ್ವಲ್ಪ ಚೊಕ್ಕವಾಗಿರುತ್ತದೆ.

ಮಾಡಿನ ಮೇಲೆ ಸೋಲಾರ್ ಇದ್ದರೆ

ಲೆಕ್ಕ ಪೂರ್ತಿ ಬದಲಾಗುವುದು ಇಲ್ಲಿ. ಸೋಲಾರ್ ಪ್ಯಾನೆಲ್ ತಯಾರಿಸಲು ಆಗುವ ಹೊಗೆಯನ್ನು ಸೇರಿಸಿದರೂ ಆ ಕರೆಂಟಿನಲ್ಲಿ ಓಡುವ ಕಾರಿಗೆ ಕಿಲೋಮೀಟರಿಗೆ ಸುಮಾರು 10 ಗ್ರಾಂ ಸಾಕು. ಹೈಬ್ರಿಡ್ ಎಷ್ಟು ಜಾಣ್ಮೆಯಿಂದ ಪೆಟ್ರೋಲ್ ಉಳಿಸಿದರೂ ಇದರ ಹತ್ತಿರ ಬರಲಾರದು.

ಮೂರು ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ಸುಮಾರು 12 ಯೂನಿಟ್ ಕೊಡುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿವರೆಗೆ ಸಹಾಯಧನ ಇದೆ. ಮೂರ್ನಾಡಿನಿಂದ ಮಡಿಕೇರಿಗೆ ಹೋಗಿ ಬರಲು 30 ಕಿ.ಮೀ. ಅಂದರೆ ಆರೇಳು ಯೂನಿಟ್. ಮನೆ ಖರ್ಚಿಗೂ ಉಳಿಯುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಣದಲ್ಲಿ ಕಾಫಿ ಒಣಗುವ ಬಿಸಿಲಿನಲ್ಲೇ ಕಾರೂ ಓಡುತ್ತದೆ. ಇದನ್ನು ಯೋಚಿಸಿದರೆ ನನಗೆ ನಿಜವಾಗಿ ಖುಷಿಯಾಗುತ್ತದೆ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಕಾರಿಗೆ ಅಂತಲೇ ಹೊಸದಾಗಿ ಪ್ಯಾನೆಲ್ ಹಾಕಿದರೆ ಈ 10 ಗ್ರಾಂ ಲೆಕ್ಕ ಸರಿ. ಮೊದಲೇ ಇದ್ದ ಪ್ಯಾನೆಲ್ ಆದರೆ ಅದು ಈವರೆಗೆ ಲೈನಿಗೆ ಕರೆಂಟು ಕೊಡುತ್ತಿತ್ತು, ಬೇರೆಯವರ ಕಲ್ಲಿದ್ದಲು ಉಳಿಸುತ್ತಿತ್ತು. ಈಗ ಅದನ್ನು ಕಾರು ತಿನ್ನುತ್ತದೆ. ಹಾಗಾಗಿ ಕಾರು ತರುವಾಗ ಅದಕ್ಕೆ ಬೇಕಾದಷ್ಟು ಪ್ಯಾನೆಲ್ ಜಾಸ್ತಿ ಹಾಕಿಸಿ. ಮಳೆಗಾಲದ ಮೂರು ನಾಲ್ಕು ತಿಂಗಳು ಸೋಲಾರ್ ನಂಬಬೇಡಿ. ಕಕ್ಕಡದ ಮೋಡ ಕವಿದರೆ ಬಟ್ಟೆ ಒಣಗುವುದೇ ಕಷ್ಟ, ಇನ್ನು ಪ್ಯಾನೆಲ್ ಎಲ್ಲಿಂದ ಕೊಡುತ್ತದೆ?

ಅದೇ ತಿಂಗಳುಗಳಲ್ಲಿ ಮರ ಬಿದ್ದು ತಂತಿ ತುಂಡಾಗಿ ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಪ್ಲಗ್-ಇನ್ ಕಾರಿನ ಒಂದು ಸಮಾಧಾನ ಅಂದರೆ ಆಗಲೂ ಅದು ಪೆಟ್ರೋಲಿನಲ್ಲಿ ಓಡುತ್ತದೆ. ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಚಾರ್ಜ್ ಇಲ್ಲ ಅಂತ ಕೂರಬೇಕಾಗಿಲ್ಲ. ಆದರೆ ತೋಟದ ಡೀಸೆಲ್ ಜನರೇಟರ್ ಇದೆಯಲ್ಲ, ಅದರಿಂದ ಮಾತ್ರ ಚಾರ್ಜ್ ಮಾಡಬೇಡಿ. ಒಂದು ಲೀಟರ್ ಡೀಸೆಲಿಗೆ ಮೂರು ಯೂನಿಟ್ ಚಿಲ್ಲರೆ ಬರುತ್ತದೆ, 2.7 ಕೆಜಿ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ. ತಂತಿಯಲ್ಲಿ ಬರುವ ಸರಾಸರಿ ಕರೆಂಟಿಗಿಂತ ಕೆಟ್ಟ ಲೆಕ್ಕ. ಅದಕ್ಕಿಂತ ನೇರವಾಗಿ ಪೆಟ್ರೋಲಿನಲ್ಲೇ ಓಡಿಸಿ.

ಹಳೇ ಮನೆಗಳಲ್ಲಿ ವೈರಿಂಗ್ ಕೂಡ ನೋಡಿಸಬೇಕು. 15 ಆಂಪ್ ಪ್ಲಗ್ಗಿನಲ್ಲಿ ಐದಾರು ಗಂಟೆ ಬಿಡದೆ ಕರೆಂಟು ಎಳೆಯುವುದಕ್ಕೆ ಐನ್‌ಮನೆಯ ಹಳೇ ತಂತಿ ತಾಳುವುದಿಲ್ಲ. ಅರ್ಥಿಂಗ್ ಸರಿ ಇದೆಯಾ, ಸಂಜೆ ವೋಲ್ಟೇಜ್ ಎಷ್ಟಿರುತ್ತದೆ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಘಾಟಿ ಹೇಳುವ ಲೆಕ್ಕ

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿ ಎಲ್ಲರಿಗೂ ಗೊತ್ತು. ಇಪ್ಪತ್ತೈದು ಕಿ.ಮೀ. ಆಸುಪಾಸಿನಲ್ಲಿ ಸಾವಿರ ಮೀಟರಿಗೆ ಹತ್ತಿರ ಇಳಿಯುತ್ತೇವೆ. ಜನ ಕೂತ 1,700 ಕೆಜಿಯ ಕಾರು ಸಾವಿರ ಮೀಟರ್ ಇಳಿದರೆ ಅದರಲ್ಲಿರುವ ಶಕ್ತಿ 4.6 ಯೂನಿಟ್. ಟೈರು ಉಜ್ಜುವುದಕ್ಕೆ, ಗಾಳಿ ಸೀಳುವುದಕ್ಕೆ, ಮೋಟಾರಿನಲ್ಲಿ ಸೋರುವುದಕ್ಕೆ ಹೋಗಿ ಒಂದೂಮುಕ್ಕಾಲು ಯೂನಿಟ್ ಬ್ಯಾಟರಿಗೆ ಸೇರಬಹುದು. ಸಾಧಾರಣ ಕಾರಿನಲ್ಲಿ ಇದೆಲ್ಲ ಬ್ರೇಕ್ ಬಿಸಿಯಾಗಿ, ಇಂಜಿನ್ನಿನ ಸದ್ದಾಗಿ ಹೋಗುತ್ತದೆ.

ಹೈಬ್ರಿಡ್ ಇದರಲ್ಲಿ ಎಷ್ಟು ಹಿಡಿಯುತ್ತದೆ? ಅದರ ಬ್ಯಾಟರಿಯೇ ಒಂದು ಯೂನಿಟ್. ಅದರಲ್ಲೂ ಪೂರ್ತಿ ಖಾಲಿಯಾಗಲು, ಪೂರ್ತಿ ತುಂಬಲು ಕಾರು ಬಿಡುವುದಿಲ್ಲ. ಬಳಸಲು ಸಿಗುವುದು ಅರ್ಧ. ನನ್ನ ಲೆಕ್ಕದಲ್ಲಿ ಮದೆನಾಡಿನ ಆಸುಪಾಸಿಗೆ ಅದು ತುಂಬಿಬಿಡುತ್ತದೆ. ಅಲ್ಲಿಂದ ಜೋಡುಪಾಲ, ಕೊಯನಾಡು ದಾಟಿ ಸಂಪಾಜೆವರೆಗೆ ಸಿಗುವ ಶಕ್ತಿಗೆ ಜಾಗವಿಲ್ಲ. ಟೊಯೋಟಾದ ಹಲವು ಹೈಬ್ರಿಡ್‌ಗಳಲ್ಲಿ ಗೇರ್ ಲಿವರಿನಲ್ಲಿ 'ಬಿ' ಅಂತ ಇರುತ್ತದೆ. ಇಳಿಜಾರಿನಲ್ಲಿ ಅದಕ್ಕೆ ಹಾಕಿದರೆ ಇಂಜಿನ್ ಹಿಡಿದುಕೊಳ್ಳುತ್ತದೆ, ಬ್ರೇಕ್ ಉಳಿಯುತ್ತದೆ. ಘಾಟಿಯಲ್ಲಿ ಅದನ್ನು ಬಳಸಲು ಮರೆಯಬೇಡಿ.

ಪ್ಲಗ್-ಇನ್‌ಗೆ ಜಾಗ ಬೇಕಾದಷ್ಟಿದೆ. ಆ ಒಂದೂಮುಕ್ಕಾಲು ಯೂನಿಟ್ಟನ್ನು ಪೂರ್ತಿ ನುಂಗುತ್ತದೆ. ಆದರೆ ನೀವು ಮಡಿಕೇರಿಯವರಾಗಿ ರಾತ್ರಿಯೆಲ್ಲ ಚಾರ್ಜ್ ಮಾಡಿ ಬೆಳಿಗ್ಗೆ 100 ಪರ್ಸೆಂಟ್ ತುಂಬಿದ ಬ್ಯಾಟರಿಯಲ್ಲಿ ಮಂಗಳೂರಿಗೆ ಹೊರಟರೆ ಅದಕ್ಕೂ ಜಾಗವಿಲ್ಲ! ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ. ಘಾಟಿ ಇಳಿಯುವ ದಿನ 80 ಪರ್ಸೆಂಟಿಗೆ ನಿಲ್ಲಿಸಿ. ಉಳಿದದ್ದನ್ನು ಇಳಿಜಾರು ತುಂಬಿಸುತ್ತದೆ. ಸಂಪಾಜೆ ಕಡೆಯವರಿಗೆ ಉಲ್ಟಾ. ಅವರು ಪೂರ್ತಿ ತುಂಬಿಸಿಕೊಂಡು ಹತ್ತಲಿ. ವಿರಾಜಪೇಟೆಯಿಂದ ಪೆರುಂಬಾಡಿ ಮಾಕುಟ್ಟ ದಾರಿಯಲ್ಲಿ ಕೇರಳಕ್ಕೆ ಇಳಿಯುವವರಿಗೂ ಇದೇ ಮಾತು.

ಹತ್ತುವಾಗ ಭಾರದ ಮಾತು ಬರುತ್ತದೆ. ಅದೇ ಗಾತ್ರದ ಹೈಬ್ರಿಡ್‌ಗಿಂತ ಪ್ಲಗ್-ಇನ್ 250 ಕೆಜಿ ಜಾಸ್ತಿ ಇದೆ ಅಂತ ಇಟ್ಟುಕೊಳ್ಳಿ. ಬ್ಯಾಟರಿ ಖಾಲಿಯಾಗಿ ಪೆಟ್ರೋಲಿನಲ್ಲಿ ಘಾಟಿ ಹತ್ತಿದರೆ ಆ 250 ಕೆಜಿಯನ್ನು ಮೇಲೆ ಎತ್ತುವುದಕ್ಕೇ ಕಾಲು ಲೀಟರ್ ಪೆಟ್ರೋಲ್ ಹೋಗುತ್ತದೆ. ಸಪಾಟು ರಸ್ತೆಯ ಊರುಗಳಲ್ಲಿ ಇದು ಅಷ್ಟು ಲೆಕ್ಕಕ್ಕೆ ಬರುವುದಿಲ್ಲ. ನಮಗೆ ಬರುತ್ತದೆ. ಇಲ್ಲಿ ಸಿಗುವ ಐಷಾರಾಮಿ ಪ್ಲಗ್-ಇನ್‌ಗಳ ಭಾರವಂತೂ ಕೇಳಬೇಡಿ. ಎಕ್ಸ್‌ಎಂ 2,700 ಕೆಜಿಗಿಂತ ಜಾಸ್ತಿ. ಹೈರೈಡರ್ ಹೈಬ್ರಿಡ್ ಸುಮಾರು 1,300. ಎರಡು ಕಾರಿನ ಭಾರವನ್ನು ಒಂದರಲ್ಲಿ ಹೊತ್ತು ಹಸಿರು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಭಾರ ಜಾಸ್ತಿಯಾದರೆ ಟೈರೂ ಜಾಸ್ತಿ ಸವೆಯುತ್ತದೆ. ಆ ಪುಡಿ ಎಲ್ಲಿಗೆ ಹೋಗುತ್ತದೆ? ನಮ್ಮಲ್ಲಿ ಮಳೆ ಎಲ್ಲವನ್ನೂ ತೊಳೆದು ಹೊಳೆಗೆ ಸೇರಿಸುತ್ತದೆ. ಮಡಿಕೇರಿಯ ಒಂದು ಮಗ್ಗುಲಿನದು ಕಾವೇರಿಗೆ, ಇನ್ನೊಂದು ಮಗ್ಗುಲಿನದು ಪಯಸ್ವಿನಿಗೆ. ಬ್ರೇಕಿನ ಪುಡಿ ಮಾತ್ರ ಎರಡೂ ಬಗೆಯ ಕಾರಿನಲ್ಲಿ ಕಮ್ಮಿ, ಯಾಕೆಂದರೆ ನಿಧಾನ ಮಾಡುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡುತ್ತದೆ. ಘಾಟಿಯ ಊರಿಗೆ ಇದು ಚಿಕ್ಕ ಲಾಭವಲ್ಲ.

ಪ್ಲಗ್ ಹಾಕದಿದ್ದರೆ

ಯುರೋಪಿನಲ್ಲಿ ಪ್ಲಗ್-ಇನ್‌ಗಳು ಬಹಳ ಮಾರಾಟವಾದವು. ಅಲ್ಲಿ ಕಾರಿನೊಳಗಿನ ಯಂತ್ರವೇ ಎಷ್ಟು ಇಂಧನ ಖರ್ಚಾಯಿತು ಅಂತ ಬರೆದಿಡುತ್ತದೆ. 2021ರಲ್ಲಿ ನೋಂದಣಿಯಾದ ಕಾರುಗಳ ಆ ಲೆಕ್ಕವನ್ನು ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿತು. ಸಾಧಾರಣ ಪೆಟ್ರೋಲ್, ಡೀಸೆಲ್ ಕಾರುಗಳು ಪರೀಕ್ಷೆಯಲ್ಲಿ ಹೇಳಿದ್ದಕ್ಕಿಂತ ಸುಮಾರು 20 ಪರ್ಸೆಂಟ್ ಜಾಸ್ತಿ ಹೊಗೆ ಬಿಟ್ಟಿದ್ದವು. ಪ್ಲಗ್-ಇನ್‌ಗಳು ಮೂರೂವರೆ ಪಟ್ಟು. ಜನ ಅಂದುಕೊಂಡಷ್ಟು ಚಾರ್ಜ್ ಮಾಡಿರಲೇ ಇಲ್ಲ.

ಲೀಟರಿಗೆ 50, 60 ಕಿ.ಮೀ. ಅಂತ ಪ್ಲಗ್-ಇನ್ ಬಗ್ಗೆ ಓದಿದರೆ ಇದನ್ನು ನೆನಪಿಡಿ. ಆ ಸಂಖ್ಯೆ ದಿನಾ ಚಾರ್ಜ್ ಮಾಡುವವರಿಗೆ ಮಾತ್ರ. ಹೈಬ್ರಿಡ್ ನಿಮ್ಮಿಂದ ಏನನ್ನೂ ಕೇಳುವುದಿಲ್ಲ, ಅದರ ಪಾಡಿಗೆ ಅದು ಉಳಿಸುತ್ತದೆ. ದಸರಾ ದಿನ, ವರ್ಷದ ಕೊನೆಯ ವಾರ ಮಡಿಕೇರಿಯಲ್ಲಿ ಗಾಡಿಗಳ ಸಾಲಿನಲ್ಲಿ ಸಿಕ್ಕಿಬಿದ್ದಾಗ ಹೈಬ್ರಿಡ್ ಇಂಜಿನ್ ಹೆಚ್ಚು ಹೊತ್ತು ಆಫ್ ಆಗಿಯೇ ಇರುತ್ತದೆ.

ಚಳಿಯ ಬೆಳಿಗ್ಗೆ ಇನ್ನೊಂದು ತೊಂದರೆ. ಸೈಲೆನ್ಸರಿನ ದಾರಿಯಲ್ಲಿರುವ ಕೆಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಬಿಸಿಯಾದ ಮೇಲೆ ವಿಷದ ಹೊಗೆಯನ್ನು ತಡೆಯುತ್ತದೆ. ಬ್ಯಾಟರಿಯಲ್ಲಿ ಹೊರಟ ಪ್ಲಗ್-ಇನ್ ಏರಿನಲ್ಲಿ ಜೋರಾಗಿ ಒತ್ತಿದಾಗ ತಣ್ಣಗಿರುವ ಇಂಜಿನ್ನನ್ನು ಒಮ್ಮೆಲೇ ಶುರು ಮಾಡುತ್ತದೆ. ಆಗ ಕೆಲವು ನಿಮಿಷ ಹೊಗೆ ಕೊಳಕಾಗಿರುತ್ತದೆ. ಮೆಲ್ಲಗೆ ಒತ್ತಿದರೆ ಮೋಟಾರೇ ಹತ್ತಿಸುತ್ತದೆ.

ಬ್ಯಾಟರಿ ತಯಾರಿಸುವ ಲೆಕ್ಕವೂ ಉಂಟು. ಒಂದು ಯೂನಿಟ್ಟಿನ ಬ್ಯಾಟರಿಗೆ ಸುಮಾರು 60ರಿಂದ 100 ಕೆಜಿ ಇಂಗಾಲದ ಡೈಆಕ್ಸೈಡ್. 15 ಯೂನಿಟ್ಟಿನದಕ್ಕೆ 1,200 ಕೆಜಿ ಅಂತ ಹಿಡಿದರೆ 500 ಲೀಟರ್ ಪೆಟ್ರೋಲ್ ಮೊದಲೇ ಉರಿಸಿದ ಹಾಗೆ. ಹೈಬ್ರಿಡ್‌ನದು ನೂರು ಕೆಜಿಯ ಆಸುಪಾಸು. ಸೋಲಾರಿನಲ್ಲಿ ದಿನಕ್ಕೆ 30 ಕಿ.ಮೀ. ಓಡಿಸುವವರು ಈ ಸಾಲವನ್ನು ಒಂದು ವರ್ಷದೊಳಗೆ ತೀರಿಸುತ್ತಾರೆ. ಕಲ್ಲಿದ್ದಲು ಕರೆಂಟಿನಲ್ಲಿ ಓಡಿಸುವವರು ತೀರಿಸುವುದೇ ಇಲ್ಲ. ಹಳೇ ಬ್ಯಾಟರಿಯನ್ನು ವಾಪಸ್ ತೆಗೆದುಕೊಳ್ಳುವ ಹೊಣೆ 2022ರ ನಿಯಮದ ಪ್ರಕಾರ ತಯಾರಕರದ್ದು. ಗುಜರಿಗೆ ಹಾಕಬೇಡಿ.

ಯಾರಿಗೆ ಯಾವುದು?

ಭಾವನಿಗೆ ನಾನು ಹೈಬ್ರಿಡ್ ಅಂದೆ. ಅವರು ವಾರದಲ್ಲಿ ಆಫೀಸಿಗೆ ಮೆಟ್ರೋದಲ್ಲಿ ಹೋಗುತ್ತಾರೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಪ್ಲಗ್ ಇಲ್ಲ. ಕಾರು ಬೇಕಾಗುವುದು ತಿಂಗಳಿಗೆ ಎರಡು ಸಲ ಊರಿಗೆ ಬರಲು, ಒಂದು ಬದಿಗೆ 250 ಕಿ.ಮೀ. ಮೇಲೆ. ಪ್ಲಗ್-ಇನ್ ಆದರೆ ಎಲ್ಲಾದರೂ ಚಾರ್ಜ್ ಮಾಡಿಕೊಂಡು ಹೊರಟರೂ ಮೊದಲ 50 ಕಿ.ಮೀ. ಬಿಟ್ಟು ಉಳಿದದ್ದೆಲ್ಲ ಪೆಟ್ರೋಲಿನಲ್ಲೇ. ಒಂದೇ ವೇಗದಲ್ಲಿ ಹೋಗುವ ಎಕ್ಸ್‌ಪ್ರೆಸ್‌ವೇಯಲ್ಲಿ ಹೈಬ್ರಿಡ್‌ನ ಉಳಿತಾಯ ಕಮ್ಮಿ ಅಂತಲೂ ಅವರಿಗೆ ಹೇಳಿದ್ದೇನೆ. ಲಾಭ ಗೊತ್ತಾಗುವುದು ಕುಶಾಲನಗರ ದಾಟಿ ತಿರುವುಗಳು ಶುರುವಾದ ಮೇಲೆ, ಊರೊಳಗಿನ ಓಡಾಟದಲ್ಲಿ.

ನಮ್ಮ ಅಕ್ಕನ ಮಗಳು ಮೂರ್ನಾಡಿನಿಂದ ದಿನಾ ಮಡಿಕೇರಿಗೆ ಕೆಲಸಕ್ಕೆ ಹೋಗುತ್ತಾಳೆ. ಮನೆಯ ಮೇಲೆ ಸೋಲಾರ್ ಹಾಕಿಸುವ ಮಾತಿದೆ. ಹಿಡಿತದ ಬೆಲೆಯ ಪ್ಲಗ್-ಇನ್ ಇದ್ದಿದ್ದರೆ ಅವಳಿಗೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ಇಲ್ಲದ್ದರಿಂದ ಅವಳಿಗೆ ಚಿಕ್ಕ ಎಲೆಕ್ಟ್ರಿಕ್ ಕಾರೇ ಸರಿ ಅನಿಸುತ್ತದೆ. ಮನೆಯಲ್ಲಿ ಅಪ್ಪನ ಪೆಟ್ರೋಲ್ ಕಾರು ಇದ್ದೇ ಇದೆ. ಮಳೆಗಾಲದಲ್ಲಿ ಕರೆಂಟು ಹೋದರೆ, ದೂರ ಹೋಗಬೇಕಾದರೆ ಅದು ಆಗುತ್ತದೆ. ಎರಡೂ ಸೇರಿ ಒಂದು ಪ್ಲಗ್-ಇನ್ ಇದ್ದ ಹಾಗೆಯೇ ಆಯಿತಲ್ವಾ?

ಪಕ್ಕದ ತೋಟದ ನಿವೃತ್ತ ಮೇಷ್ಟ್ರೂ ಕೇಳಿದರು. ಅವರ ಹಳೇ ಪೆಟ್ರೋಲ್ ಕಾರು ತಿಂಗಳಿಗೆ 300 ಕಿ.ಮೀ. ಓಡಿದರೆ ಜಾಸ್ತಿ. ಲೀಟರಿಗೆ 14 ಕೊಡುತ್ತದೆ. ಅದನ್ನು ಬಿಟ್ಟು 18 ಕೊಡುವ ಹೈಬ್ರಿಡ್ ತಂದರೆ ವರ್ಷಕ್ಕೆ ಉಳಿಯುವುದು 57 ಲೀಟರ್, ಅಂದರೆ 160 ಕೆಜಿಗಿಂತ ಸ್ವಲ್ಪ ಕಮ್ಮಿ ಇಂಗಾಲದ ಡೈಆಕ್ಸೈಡ್. ಹೊಸ ಕಾರಿನ ಕಬ್ಬಿಣ, ಅಲ್ಯೂಮಿನಿಯಂ, ಗಾಜು, ಪ್ಲಾಸ್ಟಿಕ್ ತಯಾರಾಗುವಷ್ಟರಲ್ಲೇ ಹಲವು ಟನ್ ಹೋಗಿರುತ್ತದೆ. ಅದನ್ನು ಅವರ ಜೀವಮಾನದಲ್ಲಿ ತೀರಿಸಲು ಆಗುವುದಿಲ್ಲ. "ಸರ್, ಇರುವ ಕಾರಿನ ಟೈರಿಗೆ ಗಾಳಿ ಸರಿಯಾಗಿ ಹಾಕಿಸಿ, ಹೊಗೆ ಪರೀಕ್ಷೆ ಮಾಡಿಸಿ, ಅದನ್ನೇ ಓಡಿಸಿ" ಅಂದೆ. ಹೊಸ ಕಾರಿಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ತೆಗೆದು ಕಾಫಿ ಗೋಡೌನಿನ ಶೀಟಿನ ಮೇಲೆ ಸೋಲಾರ್ ಹಾಕಿಸುತ್ತೇನೆ ಅಂತ ಅವರೇ ಹೇಳಿದರು. ಈ ಬೇಸಿಗೆಯೊಳಗೆ ಮುಗಿಸಬೇಕು, ಮಳೆ ಹಿಡಿದ ಮೇಲೆ ಮಾಡಿನ ಮೇಲೆ ಯಾರೂ ಹತ್ತುವುದಿಲ್ಲ.